ಊರ ಕಾಸಿಗೆ ತಕ್ಕ ಕಜ್ಜಾಯ

ಕೊಳ್ಳೇಗಾಲಕ್ಕೆ ನಗರಸಭೆಯುಂಟು, ಹನೂರಿಗೂ ಯಳಂದೂರಿಗೂ ಪಟ್ಟಣ ಪಂಚಾಯಿತಿಗಳುಂಟು. ಈ ಮೂರೂ ವರ್ಷವಿಡೀ ಏನಾದರೊಂದನ್ನು ಕೊಳ್ಳುತ್ತಲೇ ಇರುತ್ತವೆ. ಬೀದಿದೀಪ, ನೀರಿನ ಕೊಳವೆ, ಬ್ಲೀಚಿಂಗ್ ಪುಡಿ, ಪೊರಕೆ, ಕಸದ ಗಾಡಿ, ಪೌರಕಾರ್ಮಿಕರ ಉಡುಪು, ಕೈಗವಸು, ಚರಂಡಿಯ ಮೇಲೆ ಹಾಸುವ ಕಲ್ಲುಚಪ್ಪಡಿ, ಕಚೇರಿಯ ಕುರ್ಚಿ ಮೇಜು, ಹೀಗೆ ಪಟ್ಟಿ ಬೆಳೆಯುತ್ತದೆ. ನಮ್ಮ ಮನೆಯ ಹೆಂಗಸರು ಸಂತೆಯಲ್ಲಿ ಅರ್ಧ ಸೇರು ಬದನೆಕಾಯಿ ಕೊಳ್ಳುವಾಗಲೂ ಹತ್ತು ಸಲ ತಿರುವಿ ನೋಡುತ್ತಾರೆ. ಊರಿನ ಹೆಸರಿನಲ್ಲಿ, ಊರಿನವರ ಕಂದಾಯದ ಹಣದಲ್ಲಿ ಕೊಳ್ಳುವವರು ಏನನ್ನು ತಿರುವಿ ನೋಡಬೇಕು?

ಬೆಲೆಯನ್ನು ನೋಡಬೇಕು, ಗುಣವನ್ನು ನೋಡಬೇಕು. ಈ ಎರಡನ್ನು ಯಾರೂ ಅಲ್ಲಗಳೆಯಲಾರರು. ಕಾಸಿಗೆ ತಕ್ಕ ಕಜ್ಜಾಯ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಆದರೆ ಮೂರನೆಯ ಪ್ರಶ್ನೆಯೊಂದುಂಟು. ಆ ಕಜ್ಜಾಯವನ್ನು ಕರಿದವರು ಯಾರು? ಅವರಿಗೆ ಕೂಲಿ ಸರಿಯಾಗಿ ಸಂದಿತೆ? ಒಲೆಗೆ ಒಟ್ಟಿದ ಸೌದೆ ಯಾವ ಕಾಡಿನದು? ಈ ಪ್ರಶ್ನೆಯನ್ನು ಇಂದು ಜಗತ್ತಿನ ಅನೇಕ ನಗರಗಳು ಒಟ್ಟುಗೂಡಿ ಕೇಳುತ್ತಿವೆ. ಇದನ್ನು ಹೊಸ ಕಾಲದ, ಹೊರಗಿನ ನಾಡಿನ ವಿಚಾರವೆಂದು ತಿಳಿಯುವವರು ಬಹಳ. ನಮ್ಮ ಮೂರು ತಾಲ್ಲೂಕುಗಳ ರೇಷ್ಮೆ, ಕಲ್ಲು, ಕಾಡುಗಳನ್ನೇ ಮುಂದಿಟ್ಟುಕೊಂಡು ಇದರ ಇತಿಹಾಸವನ್ನು ನಿಮ್ಮೊಡನೆ ವಿಚಾರಮಾಡಬೇಕೆಂದು ನನ್ನ ಆಶೆ.

ಪಂಡಿತ ಪರೀಕ್ಷೆಗೆ ಓದಿದವನು ನಾನು. ಹಳೆಯ ಗ್ರಂಥವೊಂದನ್ನು ಮೊದಲು ತೆರೆಯದಿದ್ದರೆ ನನಗೆ ಸಮಾಧಾನವಿಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಯೋಲೆಯಿಂದ ಉದ್ಧರಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಮಾತು ಬರುತ್ತದೆ. ಅರಮನೆಗೆ ಬೇಕಾದ ನೂಲು, ಬಟ್ಟೆ, ಹಗ್ಗಗಳನ್ನು ಒದಗಿಸುವುದು ಇವನ ಕೆಲಸ. ನೂಲುವ ಕೆಲಸವನ್ನು ವಿಧವೆಯರಿಗೆ, ಅಂಗವಿಕಲರಿಗೆ, ಬೇರೆ ದಿಕ್ಕಿಲ್ಲದ ಹೆಂಗಸರಿಗೆ ಕೊಡಬೇಕೆಂದು ಅಲ್ಲಿ ವಿಧಿಸಿದೆ. ಮನೆಬಿಟ್ಟು ಹೊರಬಾರದವರಿಗೆ ದಾಸಿಯರ ಮೂಲಕ ಕೆಲಸವನ್ನು ಮನೆಗೇ ಕಳಿಸಬೇಕು. ನೂಲಿನ ನಯ ನೋಡಿ ಕೂಲಿ ಗೊತ್ತುಮಾಡಬೇಕು. ಕೂಲಿ ಕೊಡುವ ಹೊತ್ತನ್ನು ಮೀರಿಸಿದ ಅಧಿಕಾರಿಗೆ ದಂಡ ಹಾಕಬೇಕು. ನೂಲುವವರು ತಪ್ಪಿದರೆ ಅವರಿಗೆ ವಿಧಿಸಿದ ಶಿಕ್ಷೆಗಳು ಬಹಳ ಕ್ರೂರವಾದವು ಎಂಬುದನ್ನೂ ಮರೆಮಾಚಬಾರದು. ಕೌಟಿಲ್ಯನು ಕರುಣಾಳುವಾಗಿ ಇದನ್ನು ಬರೆದನೆಂದು ನಾನು ಹೇಳಲಾರೆ. ಆದರೆ ಅರಸನು ಕೊಳ್ಳುವ ನೂಲಿನ ಹಿಂದೆ ಒಂದು ಕೈಯಿದೆ, ಆ ಕೈ ಯಾರದೆಂದು ಅರಸನು ತಿಳಿದಿರಬೇಕು ಎಂಬ ಅರಿವಂತೂ ಅಲ್ಲಿದೆ.

ಈಗ ಕೊಳ್ಳೇಗಾಲಕ್ಕೆ ಬರೋಣ. ಈ ತಾಲ್ಲೂಕು 1799ರಲ್ಲಿ ಟಿಪ್ಪುವಿನ ಪತನದ ತರುವಾಯ ಕಂಪನಿಯ ಕೈಸೇರಿ, ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಸೇರಿತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇತ್ತು. ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು ಮೈಸೂರು ಸೀಮೆಯಲ್ಲಿಯೇ ಉಳಿಯಿತು. ಆಳುವವರು ಬೇರೆಯಾದರೂ ಹುಳು ಒಂದೇ, ಸೊಪ್ಪು ಒಂದೇ. ಮದರಾಸು ಆಧಿಪತ್ಯದಲ್ಲಿ ಹಿಪ್ಪುನೇರಳೆ ಬೆಳೆಯುತ್ತಿದ್ದ ನೆಲವೆಂದರೆ ಹೆಚ್ಚುಕಡಮೆ ಕೊಳ್ಳೇಗಾಲ ತಾಲ್ಲೂಕೊಂದೇ ಆಗಿತ್ತು.

ರೇಷ್ಮೆ ಸಾಕುವ ಮನೆಯ ಕಷ್ಟ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹುಳು ನಾಲ್ಕು ಜ್ವರ ದಾಟುವವರೆಗೆ ಮನೆಮಂದಿಗೆ ನಿದ್ರೆಯಿಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟಿ ಮುಗಿದ ಮೇಲೆ ಅದನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ. ಚಿಟ್ಟೆ ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡಾಗಿ ಗೂಡು ಕೆಡುತ್ತದೆ. ಆದ್ದರಿಂದ ಗೂಡು ಬೆಳೆದವನು ಸಿಕ್ಕಿದ ಬೆಲೆಗೆ ಕೊಟ್ಟುಬಿಡಲೇಬೇಕು. ಕೊಳ್ಳುವವನು ಕಾಯಬಲ್ಲ, ಮಾರುವವನು ಕಾಯಲಾರ. ಈ ಒಂದು ಸಂಗತಿಯಲ್ಲಿ ರೇಷ್ಮೆಯ ಇತಿಹಾಸವೆಲ್ಲ ಅಡಗಿದೆ.

1930ರ ದಶಕದ ಆರಂಭದಲ್ಲಿ ಜಪಾನು ಚೀಣಗಳ ಅಗ್ಗದ ರೇಷ್ಮೆ ನಮ್ಮ ಪೇಟೆಗಳಿಗೆ ನುಗ್ಗಿ ಇಲ್ಲಿನ ಸಾಕಣೆಯವರು ನೆಲಕಚ್ಚಿದರು. ಸುಂಕ ಮಂಡಳಿ 1933ರಲ್ಲಿ ವಿಚಾರಣೆ ನಡೆಸಿತು. ಮರುವರ್ಷ ರಕ್ಷಣಾ ಸುಂಕ ಬಂದಿತು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ. 1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿದೊಡನೆ ಅಲ್ಲಿಯ ರೇಷ್ಮೆ ಮಿತ್ರರಾಷ್ಟ್ರಗಳಿಗೆ ನಿಂತುಹೋಯಿತು. ಆಕಾಶದಿಂದ ಸಿಪಾಯಿಗಳು ಇಳಿಯುವ ಹಾರುಕೊಡೆಗೆ, ಅಂದರೆ ಪ್ಯಾರಾಚೂಟಿಗೆ, ರೇಷ್ಮೆ ಬೇಕು. ನಮ್ಮ ಮನೆಗಳ ಚರಕದಲ್ಲಿ ಬಿಚ್ಚಿದ ನೂಲು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ. ಅದು ಈ ಕೆಲಸಕ್ಕೆ ಒಗ್ಗದು. ಒಂದೇ ಹದದ ಎಳೆ ಬೇಕಾದರೆ ಫಿಲೇಚರ್ ಎಂಬ ನೂಲು ಬಿಚ್ಚುವ ಕಾರ್ಖಾನೆ ಬೇಕು. ಸರ್ಕಾರವೇ ಕೊಳ್ಳುವವನಾಗಿ ನಿಂತಿತು. ರೇಷ್ಮೆಯ ಬೆಲೆ ಏರಿತು. ಕೊಳ್ಳೇಗಾಲ, ಯಳಂದೂರಿನ ಮಾಂಬಳ್ಳಿ, ಸಂತೆಮರಹಳ್ಳಿ, ಚಾಮರಾಜನಗರ, ತಿರುಮಕೂಡಲು ನರಸೀಪುರ, ಈ ಹೆಸರುಗಳನ್ನು ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಗಳ ಊರುಗಳೆಂದೇ ನಮ್ಮ ಹಿಂದಿನ ತಲೆಮಾರು ನೆನೆಯುತ್ತಿತ್ತು.

1945ರಲ್ಲಿ ಯುದ್ಧ ಮುಗಿಯಿತು. ಆ ವೇಳೆಗೆ ನೈಲಾನು ಬಂದಿತ್ತು. ಹಾರುಕೊಡೆ ಕೊಳ್ಳುವವನು ಹೊರಟುಹೋದ. ಅವನನ್ನು ನಂಬಿ ರಾಗಿಯ ಹೊಲಕ್ಕೆ ಹಿಪ್ಪುನೇರಳೆ ಹಾಕಿದ್ದವನ ಗತಿ ಏನೆಂದು ಕೇಳುವ ಕಟ್ಟಳೆ ಆ ಖರೀದಿಯ ಕಾಗದದಲ್ಲಿ ಇರಲಿಲ್ಲ. ಯುದ್ಧಕಾಲದಲ್ಲಿ ಅದನ್ನು ನಿರೀಕ್ಷಿಸುವುದೂ ಕಷ್ಟವೇ. ಆದರೂ ಸರ್ಕಾರದ ಖರೀದಿಗೆ ಎಷ್ಟು ಬಲವುಂಟು, ಆ ಬಲ ಹಠಾತ್ತನೆ ಹಿಂದೆಗೆದರೆ ಏನಾಗುತ್ತದೆ ಎಂಬುದನ್ನು ನಮ್ಮ ಸೀಮೆ ಆಗಲೇ ಕಂಡಿತು. ತರುವಾಯ ಬಂದ ವ್ಯವಸ್ಥೆಗಳೆಲ್ಲ ಆ ಪೆಟ್ಟಿಗೆ ಕಟ್ಟಿದ ಪಟ್ಟಿಗಳು. 1948ರ ಕಾಯ್ದೆಯ ಮೇರೆಗೆ 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಆಯಿತು. 1959ರ ರಾಜ್ಯ ಕಾಯ್ದೆ ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲಿ ಬಹಿರಂಗ ಹರಾಜಿನಲ್ಲಿ ಮಾರುವ ಪದ್ಧತಿಗೆ ಬುನಾದಿ ಹಾಕಿತು. 1979ರಲ್ಲಿ ಹುಟ್ಟಿದ ರೇಷ್ಮೆ ಮಾರಾಟ ಮಂಡಳಿಯ ಕೆಲಸ ನೂಲಿನ ಬೆಲೆ ಕುಸಿದಾಗ ತಾನು ನಡುವೆ ನಿಂತು ಕೊಳ್ಳುವುದು. ಕಾಯಲಾರದವನ ಪರವಾಗಿ ಸರ್ಕಾರ ಕಾಯುವುದು ಎಂದರೂ ಸರಿಯೆ.

ಇನ್ನು ಖಾದಿಯ ವಿಚಾರ. ಯುದ್ಧದ ಖರೀದಿ ಸರಕಿನ ಬಲವನ್ನು ಮಾತ್ರ ಕೇಳಿತು. ಅದಕ್ಕೂ ಮೊದಲೇ, 1920ರ ದಶಕದಲ್ಲಿ, ಸರಕನ್ನು ಮಾಡಿದವರು ಯಾರೆಂದು ಕೇಳುವ ಖರೀದಿ ನಮ್ಮ ದೇಶದ ಪುರಸಭೆಗಳಲ್ಲಿ ಆರಂಭವಾಗಿತ್ತು. ಕಲ್ಕತ್ತೆಯ ಕಾರ್ಪೊರೇಷನ್ನು 1924ರಲ್ಲಿ ಸ್ವರಾಜ್ಯ ಪಕ್ಷದವರ ಕೈಗೆ ಬಂದಿತು. ದೇಶಬಂಧು ಚಿತ್ತರಂಜನ ದಾಸರು ಮೇಯರು, ಸುಭಾಷಚಂದ್ರ ಬೋಸರು ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ಅವರ ಕಾಲದಲ್ಲಿ ನಗರದ ನೌಕರರ ಸಮವಸ್ತ್ರ ಖಾದಿಯದಾಯಿತು. ಇಂದು ಯಾವುದನ್ನು ಹೊಣೆಯರಿತ ಖರೀದಿ ಎಂದು ದೊಡ್ಡ ಸಮ್ಮೇಳನಗಳಲ್ಲಿ ಹೇಳುತ್ತಾರೆಯೋ ಅದನ್ನು ನೂರು ವರ್ಷದ ಹಿಂದೆ ಜವಾನನ ಅಂಗಿಯ ಮೂಲಕ ಕಲ್ಕತ್ತೆ ಮಾಡಿ ತೋರಿಸಿತು.

ಖಾದಿ ಕೊಳ್ಳುತ್ತೇವೆಂದು ಠರಾವು ಮಾಡುವುದು ಸುಲಭ. ಅಂಗಡಿಯವನು ಖಾದಿ ಎಂದು ಕೊಟ್ಟದ್ದು ಗಿರಣಿಯ ನೂಲಿನ ಬಟ್ಟೆಯಲ್ಲವೆಂದು ತಿಳಿಯುವುದು ಹೇಗೆ? ಒಂದೊಂದು ಪುರಸಭೆಯೂ ಒಂದೊಂದು ಹಳ್ಳಿಗೆ ಹೋಗಿ ರಾಟೆಗಳನ್ನು ಎಣಿಸಲಾದೀತೆ? 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಹುಟ್ಟಿದ ಅಖಿಲ ಭಾರತ ಚರಕಾ ಸಂಘ ಈ ತೊಡಕಿಗೆ ದಾರಿ ತೋರಿಸಿತು. ನೂಲಿಸುವ, ನೇಯಿಸುವ, ಮಾರುವ ಸಂಸ್ಥೆಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಅದರ ಮುಖ್ಯ ಕೆಲಸಗಳಲ್ಲೊಂದಾಯಿತು. ಕೊಳ್ಳುವವರು ಸಾವಿರಾರು, ನೋಡಿಬರುವವರು ಒಬ್ಬರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತೇವಲ್ಲ, ಇಲ್ಲಿ ಅದನ್ನು ತಿರುಗಿಸಿ ಹಾಕಿದಂತಾಯಿತು: ಒಬ್ಬನ ತಲೆಹೊರೆಯಾಗಬಹುದಾಗಿದ್ದ ಕೆಲಸ ಹತ್ತು ಜನರಿಗೆ ಹುಲ್ಲುಕಡ್ಡಿಯಷ್ಟಾಯಿತು.

1935ರಲ್ಲಿ ಇನ್ನೂ ಕಠಿನವಾದ ಪರೀಕ್ಷೆ ಬಂದಿತು. ನೂಲುವ ಹೆಂಗಸಿಗೆ ದಿನವೆಲ್ಲ ದುಡಿದರೂ ಸಿಗುತ್ತಿದ್ದುದು ಬಿಡಿಗಾಸು. ಖಾದಿ ಅಗ್ಗವಾಗಬೇಕೆಂಬ ಹಂಬಲದಲ್ಲಿ ಅವಳ ಕೂಲಿಯನ್ನೇ ಹಿಸುಕಲಾಗುತ್ತಿದೆ ಎಂದು ಗಾಂಧೀಜಿ ಪ್ರತಿಭಟಿಸಿದರು. ಎಂಟು ಗಂಟೆಯ ದುಡಿಮೆಗೆ ಎಂಟು ಆಣೆ ಸಿಗಬೇಕೆಂಬುದು ಅವರ ಆಶಯ. ಸಂಘ ಅಷ್ಟು ದೂರ ಹೋಗಲಾರದಾದರೂ ಹೊಟ್ಟೆಬಟ್ಟೆಗೆ ಸಾಲುವಷ್ಟು ಕೂಲಿ ಎಂಬ ತತ್ತ್ವವನ್ನು ಒಪ್ಪಿ ಕೂಲಿಯನ್ನು ಏರಿಸಿತು. ಖಾದಿಯ ಬೆಲೆಯೂ ಏರಿತು. ಇದರಿಂದ ಮಾರಾಟ ಬಿದ್ದುಹೋದೀತೆಂದು ಸಂಘದಲ್ಲಿಯೇ ಹೆದರಿದವರು ಇದ್ದರು. ಆ ಹೆದರಿಕೆಯನ್ನು ನಾವು ಹಗುರವಾಗಿ ಕಾಣಬಾರದು. ಬೆಲೆಯೇರಿದಾಗ ಬಡ ಗಿರಾಕಿ ಹಿಂದೆಗೆಯುತ್ತಾನೆ. ಹಿಂದೆಗೆಯದೆ ನಿಲ್ಲಬಲ್ಲ ಗಿರಾಕಿಯೆಂದರೆ ಊರೊಟ್ಟಿನ ಹಣವಿರುವ ಪುರಸಭೆ, ಸರ್ಕಾರ. ಒಂದು ಅಂಗಿಯ ಮೇಲೆ ಕೆಲವು ಕಾಸು ಹೆಚ್ಚಾದರೆ ಅದು ಊರಿನವರೆಲ್ಲರಿಗೂ ಹಂಚಿಹೋಗುತ್ತದೆ.

ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಖಾದಿ ಕೇಂದ್ರ ಆರಂಭವಾದದ್ದು 1927ರಲ್ಲಿ. ಆದರೆ ಸರ್ಕಾರದ ಖರೀದಿಯಿಂದ ಖಾದಿ ಬದುಕಿದ ಕಥೆಗೆ ಉತ್ತರ ಕರ್ನಾಟಕಕ್ಕೇ ಹೋಗಬೇಕು. ರಾಷ್ಟ್ರಧ್ವಜದ ಬಟ್ಟೆ ಧಾರವಾಡದ ಗರಗದಲ್ಲಿಯೂ ಬಾಗಲಕೋಟೆಯ ತುಳಸಿಗೇರಿಯಲ್ಲಿಯೂ ನೇಯಲ್ಪಟ್ಟಿತು. 1957ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘಕ್ಕೆ ಧ್ವಜ ಸಿದ್ಧಪಡಿಸಲು ಭಾರತೀಯ ಮಾನಕ ಸಂಸ್ಥೆಯ ಒಪ್ಪಿಗೆ 2006ರಲ್ಲಿ ಸಿಕ್ಕಿತು. ಕಚೇರಿಗಳ ಮೇಲೆ ಹಾರುವ ಧ್ವಜ ಕೈನೂಲಿನ, ಕೈನೇಯ್ಗೆಯ ಬಟ್ಟೆಯದೇ ಆಗಿರಬೇಕೆಂಬ ಧ್ವಜಸಂಹಿತೆಯ ಒಂದು ಸಾಲು ನೂರಾರು ಹೆಂಗಸರಿಗೆ ರಾಟೆಯ ಮುಂದೆ ಕೆಲಸವಿತ್ತಿತ್ತು. 2021ರ ಡಿಸೆಂಬರ್ 30ರಂದು ಆ ಸಾಲು ತಿದ್ದುಪಡಿಯಾಯಿತು. ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಅನುಮತಿ ಬಂದಿತು. ಮರುವರ್ಷ ಸ್ವಾತಂತ್ರ್ಯದ ಅಮೃತ ಮಹೋತ್ಸವಕ್ಕೆ ದೇಶದ ಮನೆಮನೆಗೂ ಧ್ವಜ ಬೇಕಾಯಿತು. ಅಷ್ಟು ಧ್ವಜಗಳನ್ನು ಖಾದಿಯಲ್ಲಿ ಒದಗಿಸುವುದು ಆಗದ ಮಾತೆಂಬುದು ನಿಜ. ಬೆಂಗೇರಿಯವರು ಬೀದಿಗಿಳಿದು ಪ್ರತಿಭಟಿಸಿದ್ದೂ ನಿಜ. ನನ್ನ ಅಭಿಪ್ರಾಯದಲ್ಲಿ ಮನೆಯ ಮೇಲಿನ ಧ್ವಜಕ್ಕೆ ಒಂದು ನಿಯಮ, ಸರ್ಕಾರದ ಹಣದಲ್ಲಿ ಕೊಂಡು ಕಚೇರಿಯ ಮೇಲೆ ಹಾರಿಸುವ ಧ್ವಜಕ್ಕೆ ಇನ್ನೊಂದು ನಿಯಮ ಇಡಬಹುದಾಗಿತ್ತು.

ಪರದೇಶಗಳಲ್ಲಿ ಇದರ ಬೇರು ಎಲ್ಲಿದೆಯೆಂದು ಕೇಳುವವರಿಗೆ ಲಂಡನ್ನನ್ನು ತೋರಿಸಬಹುದು. 1889ರಲ್ಲಿ ಅಲ್ಲಿನ ಶಾಲಾಮಂಡಳಿಯೂ ಆಗತಾನೆ ಹುಟ್ಟಿದ ನಗರದ ಕೌಂಟಿ ಕೌನ್ಸಿಲೂ ನ್ಯಾಯವಾದ ಕೂಲಿ ಕೊಡುವ ಗುತ್ತಿಗೆದಾರರಿಗೇ ಕೆಲಸವೆಂದು ನಿಶ್ಚಯಿಸಿದವು. 1891ರಲ್ಲಿ ಪಾರ್ಲಿಮೆಂಟು ಅದೇ ನೀತಿಯನ್ನು ಸರ್ಕಾರದ ಗುತ್ತಿಗೆಗಳಿಗೆ ಅನ್ವಯಿಸಿತು. ಅದೇ ಸರ್ಕಾರ ಭಾರತದಲ್ಲಿ ರೈಲುದಾರಿಗೆ ಮರದ ಸ್ಲೀಪರುಗಳನ್ನು ಕೊಂಡಾಗ ನಮ್ಮ ಕಾಡುಗಳ ಗತಿ ಏನಾಯಿತೆಂಬುದು ಬೇರೊಂದು ಕಥೆ.

ಇನ್ನು ಕಲ್ಲಿನ ಮಾತು. ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೋಡದವರು ನಮ್ಮಲ್ಲಿ ಕಡಮೆ. ಮೂಲೆಗಳಿಂದ ತೂಗುವ ಕಲ್ಲಿನ ಸರಪಣಿಯ ಬಳೆಗಳು ಒಂದರೊಳಗೊಂದು ಕೊಂಡಿಯಾಗಿ ಆಡುತ್ತವೆ, ಬೆಸುಗೆಯಿಲ್ಲ. ಪದಿನಾಡಿನ ಪಾಳೆಯಗಾರರ ನಾಡಿನಲ್ಲಿ ಕಲ್ಲು ಇಷ್ಟು ಮೆತ್ತಗಾಗಿ ಮಾತು ಕೇಳಿತ್ತು. ಅದೇ ಸೀಮೆಯ ಕರಿಕಲ್ಲು ಇಂದು ಚಾಮರಾಜನಗರದ ಹೆಸರು ಹೊತ್ತು ಹಡಗಿನಲ್ಲಿ ಹೊರದೇಶಗಳಿಗೆ ಹೋಗುತ್ತದೆ. ನುಣುಪಾಗಿ ಉಜ್ಜಿದರೆ ಕನ್ನಡಿಯಂತೆ ಹೊಳೆಯುವ ಈ ಕಲ್ಲಿಗೆ ಗೋರಿಕಲ್ಲಾಗಿ ಬಹಳ ಬೇಡಿಕೆ. ದಕ್ಷಿಣ ಭಾರತದ ಇತರ ಗ್ರಾನೈಟುಗಳು ಯುರೋಪಿನ ನಗರಗಳ ಚೌಕಗಳಿಗೆ, ಕಾಲುದಾರಿಗಳ ಅಂಚಿಗೆ ಹಾಸುಗಲ್ಲಾಗುತ್ತವೆ. ಕಾಲುದಾರಿಯ ಕಲ್ಲನ್ನು ಕೊಳ್ಳುವವರು ಯಾರು? ಅಲ್ಲಿಯ ಪುರಸಭೆಗಳು. ಸ್ಮಶಾನವೂ ಅಲ್ಲಿ ಸಾಮಾನ್ಯವಾಗಿ ಪುರಸಭೆಯ ಆಡಳಿತಕ್ಕೆ ಸೇರಿದ್ದು.

ಕಲ್ಲುಗಣಿಯ ಬದುಕು ಹೇಗೆಂದು ನಮಗೆ ಹೊರಗಿನವರು ಹೇಳಬೇಕಾಗಿಲ್ಲ. ದೂಳು ಕುಡಿದು ಎದೆ ಕಟ್ಟುವ ಸಿಲಿಕೋಸಿಸ್, ಮುಂಗಡ ಹಣ ಪಡೆದು ಅದನ್ನು ತೀರಿಸಲಾಗದೆ ಬಿಡಲೂ ಆಗದೆ ದುಡಿಯುವ ಕುಟುಂಬಗಳು, ಸಿಡಿಮದ್ದಿನ ಅಪಾಯ. 2022ರ ಮಾರ್ಚಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗಣಿಯಲ್ಲಿ ಗುಡ್ಡ ಕುಸಿದು ದೂರದ ರಾಜ್ಯದಿಂದ ದುಡಿಯಲು ಬಂದವರು ಪ್ರಾಣ ತೆತ್ತರು. ನೆದರ್ಲೆಂಡ್ಸಿನ ಭಾರತ ಸಮಿತಿ ಎಂಬ ಸಂಸ್ಥೆ 2015ರಲ್ಲಿಯೂ 2017ರಲ್ಲಿಯೂ ದಕ್ಷಿಣ ಭಾರತದ ಗ್ರಾನೈಟು ಗಣಿಗಳ ಮೇಲೆ ವರದಿಗಳನ್ನು ಹೊರತಂದಿತು. ಅವುಗಳಲ್ಲಿ ಕರ್ನಾಟಕದ ಗಣಿಗಳೂ ಸೇರಿದ್ದವು. ಸಾಲದ ಜೀತ, ಮಕ್ಕಳ ದುಡಿಮೆ, ರಕ್ಷಣೆಯಿಲ್ಲದ ಕೆಲಸ, ಈ ಮೂರೂ ಅಲ್ಲಿ ದಾಖಲಾದವು.

ಈ ಸಂಗತಿಗಳು ಯುರೋಪಿನ ನಗರಸಭೆಗಳ ಕಿವಿಗೆ ಬೀಳುವುದಕ್ಕೆ ಮೊದಲೇ ಜರ್ಮನಿಯ ಮ್ಯೂನಿಕ್ ನಗರ 2002ರಲ್ಲಿ ಒಂದು ನಿರ್ಣಯ ಮಾಡಿತ್ತು: ಮಕ್ಕಳನ್ನು ಹಿಂಡಿ ದುಡಿಸಿ ಮಾಡಿದ ಸರಕನ್ನು ನಗರದ ಹಣದಿಂದ ಕೊಳ್ಳಕೂಡದು. ಆ ದೇಶದಲ್ಲಿ ಈ ಬಗೆಯ ನಿರ್ಣಯಕ್ಕೆ ಅದೇ ಮೊದಲು. ಬೇರೆ ಊರುಗಳು ಹಿಂಬಾಲಿಸಿದವು. ನ್ಯೂರೆಂಬರ್ಗ್ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳ ದುಡಿಮೆಯಿಲ್ಲದೆ ಸಿದ್ಧವಾದದ್ದೆಂದು ರುಜುವಾತಾದ ಗೋರಿಕಲ್ಲುಗಳನ್ನು ಮಾತ್ರ ತನ್ನ ಸ್ಮಶಾನದಲ್ಲಿ ನಿಲ್ಲಿಸಬಹುದೆಂದು ಕಟ್ಟಳೆ ಮಾಡಿತು. ಕಲ್ಲುಕುಟಿಗರೊಬ್ಬರು ನ್ಯಾಯಾಲಯಕ್ಕೆ ಹೋದರು. 2013ರ ಅಕ್ಟೋಬರಿನಲ್ಲಿ ಅಲ್ಲಿಯ ಉನ್ನತ ಆಡಳಿತ ನ್ಯಾಯಾಲಯ ಕಟ್ಟಳೆಯನ್ನು ತಳ್ಳಿಹಾಕಿತು. ನಗರದ ಉದ್ದೇಶ ಕೆಟ್ಟದೆಂದು ಅದು ಹೇಳಲಿಲ್ಲ. ಯಾರ ಪ್ರಮಾಣಪತ್ರ ನಂಬಬಹುದು, ಯಾವ ರುಜುವಾತು ಸಾಕು ಎಂಬುದು ವ್ಯಾಪಾರಿಗೆ ತಿಳಿಯುವಂತಿಲ್ಲ. ಇಂಥ ಕಟ್ಟಳೆಗೆ ಕಾನೂನಿನ ತಳಹದಿಯೂ ಸಾಲದು ಎಂದಿತು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1925ರಲ್ಲಿ ಚರಕಾ ಸಂಘ ಬಿಡಿಸಿದ ಗಂಟು ಇದೇ ಅಲ್ಲವೆ? ಕೊಳ್ಳುವವನ ಮನಸ್ಸು ಶುದ್ಧವಾಗಿದ್ದರೂ, ಗಣಿಗೋ ಮಗ್ಗಕ್ಕೋ ಹೋಗಿ ಕಣ್ಣಾರೆ ನೋಡಿಬಂದು ಹೇಳುವವರಿಲ್ಲದಿದ್ದರೆ ಠರಾವು ಕಾಗದದಲ್ಲಿ ಉಳಿಯುತ್ತದೆ. ಒಂದು ನಗರ ಅಂಥವರನ್ನು ತಾನೇ ಕಳಿಸಲು ಹೋದರೆ ಕಲ್ಲಿನ ಬೆಲೆಗಿಂತ ದಾರಿಖರ್ಚು ಹೆಚ್ಚಾದೀತು. ಈ ಕಾರಣದಿಂದಲೇ ನಗರಗಳು ಒಂದುಗೂಡಿದ್ದು. 2004ರಲ್ಲಿ ಯುರೋಪಿನ ಸ್ಥಳೀಯ ಸಂಸ್ಥೆಗಳು ಪ್ರೊಕ್ಯೂರಾ ಪ್ಲಸ್ ಎಂಬ ಕೂಟ ಕಟ್ಟಿಕೊಂಡು, ಪರಿಸರಕ್ಕೂ ದುಡಿಯುವವರಿಗೂ ಹಾನಿಯಾಗದ ಖರೀದಿಯ ಕರಾರುಗಳನ್ನು ಪರಸ್ಪರ ಹಂಚಿಕೊಳ್ಳತೊಡಗಿದವು. ಅಮೆರಿಕದ ಕೆಲವು ನಗರಗಳೂ ಸಂಸ್ಥಾನಗಳೂ 2010ರಲ್ಲಿ ಉಡುಪಿನ ಖರೀದಿಗೆ ಒಕ್ಕೂಟ ಮಾಡಿಕೊಂಡವು. ಪೋಲೀಸರ, ಅಗ್ನಿಶಾಮಕ ದಳದವರ ಅಂಗಿಗಳನ್ನು ಹೊಲಿದ ಕಾರ್ಖಾನೆ ಯಾವುದೆಂದು ಒಟ್ಟಾಗಿ ಪತ್ತೆಮಾಡುವುದು ಅದರ ಗುರಿ. ಕಂಪ್ಯೂಟರು ಮೊದಲಾದ ವಿದ್ಯುನ್ಮಾನ ಸಾಮಾನುಗಳಿಗಾಗಿ ಎಲೆಕ್ಟ್ರಾನಿಕ್ಸ್ ವಾಚ್ ಎಂಬ ಸಂಸ್ಥೆ 2015ರಿಂದ ಕೆಲಸ ಮಾಡುತ್ತಿದೆ. ನಗರಗಳು, ವಿಶ್ವವಿದ್ಯಾಲಯಗಳು ಚಂದಾ ಕೊಟ್ಟು ಸೇರುತ್ತವೆ, ಕಾರ್ಖಾನೆಯಿರುವ ದೇಶದ ಕಾರ್ಮಿಕರ ಸಂಘಗಳೇ ಒಳಗಿನ ಸ್ಥಿತಿಯನ್ನು ನೋಡಿ ತಿಳಿಸುತ್ತವೆ. ಕಲ್ಲಿನ ವಿಷಯದಲ್ಲಿಯೇ 2019ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಪ್ರಾಂತದ ಸರ್ಕಾರಗಳು, ಕಲ್ಲು ವ್ಯಾಪಾರಿಗಳು, ಕಾರ್ಮಿಕ ಸಂಘಗಳು ಸೇರಿ ಟ್ರೂಸ್ಟೋನ್ ಎಂಬ ಒಪ್ಪಂದಕ್ಕೆ ರುಜು ಹಾಕಿದರು.

ಇವುಗಳಿಂದ ನಮ್ಮ ಗಣಿಯ ದೂಳು ಎಷ್ಟು ಇಳಿಯಿತೆಂದು ಕೇಳಿದರೆ, ದೂರದ ಗಿರಾಕಿಯ ಬಲ ಒಂದು ಮಿತಿಯೊಳಗಿನದು ಎಂದೇ ಹೇಳಬೇಕು. ಅವನು ಕಲ್ಲನ್ನೇ ಬೇಡವೆಂದುಬಿಟ್ಟರೆ ದುಡಿಯುವವನಿಗೆ ಇದ್ದ ಕೂಲಿಯೂ ಹೋಗುತ್ತದೆ. 1945ರ ರೇಷ್ಮೆಯ ಗತಿಯೇ ಆಗುತ್ತದೆ. ಗಣಿಯನ್ನು ಬಿಟ್ಟೋಡದೆ, ಇಂಥಿಂಥದನ್ನು ಸರಿಪಡಿಸಿದರೆ ಕೊಳ್ಳುತ್ತೇನೆಂದು ಹಟಹಿಡಿದು ನಿಲ್ಲುವ ಗಿರಾಕ್ಕಿಯೇ ಬೇಕು. ಟ್ರೂಸ್ಟೋನಿನಂಥ ಒಪ್ಪಂದಗಳ ಮುಖ್ಯ ಆಶಯ ಇದು. ಆದರೆ ಹತ್ತಿರದ ಗಿರಾಕಿ ನಾವೇ. ನಮ್ಮ ಚರಂಡಿಯ ಚಪ್ಪಡಿ, ರಸ್ತೆಯ ಜಲ್ಲಿ ಯಾವ ಗಣಿಯದೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

ನಮ್ಮ ರಾಜ್ಯದಲ್ಲಿ ಸರ್ಕಾರಿ ಖರೀದಿಯನ್ನು ಆಳುವುದು 1999ರ ಪಾರದರ್ಶಕತೆ ಕಾಯ್ದೆ. ಬಹಿರಂಗ ಟೆಂಡರು ಕರೆಯಬೇಕು, ಕರಾರುಗಳನ್ನು ಪೂರೈಸಿದವರಲ್ಲಿ ಕಡಮೆ ಬೆಲೆ ಕೂಗಿದವರಿಗೆ ಕೊಡಬೇಕು. ಈ ಕಾಯ್ದೆಗೆ ಮೊದಲು ಬೇಕಾದವರಿಗೆ ಗುತ್ತಿಗೆ ಕೊಡುವ ಚಾಳಿಗೆ ಲಗಾಮು ಕಡಮೆಯಿತ್ತು. ಲಗಾಮು ಬಂದದ್ದು ಒಳ್ಳೆಯದೇ ಆಯಿತು. ಕಡಮೆ ಬೆಲೆ ಎಂಬ ಒಂದೇ ಗೆರೆ ಹಿಡಿದವರಿಗೆ ಮಾತ್ರ ಇದು ಇಕ್ಕಟ್ಟು. ಅದೇ ಕಾಯ್ದೆಗೆ 2017ರಲ್ಲಿ ಜಾರಿಗೆ ಬಂದ ತಿದ್ದುಪಡಿ 50 ಲಕ್ಷ ರೂಪಾಯಿಯೊಳಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇಕಡ 17.15, ಪರಿಶಿಷ್ಟ ಪಂಗಡದವರಿಗೆ ಶೇಕಡ 6.95 ಮೀಸಲಿಟ್ಟಿತು. ಬೆಲೆಯ ಜೊತೆಗೆ ಕೈ ಯಾರದೆಂದು ನೋಡುವುದು ಕಾನೂನಿಗೆ ಹೊರತಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಮಾಸ್ತರನಾದ ನನಗೆ ಇನ್ನೊಂದು ಉದಾಹರಣೆ ದಿನವೂ ಕಣ್ಣಿಗೆ ಬೀಳುತ್ತದೆ. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯದಲ್ಲಿ ಸರ್ಕಾರ ಕೊಳ್ಳುವುದು ರೈತರ ಸಹಕಾರ ಮಂಡಳಿಯ ಹಾಲಿನ ಪುಡಿಯನ್ನು. ಮಗುವಿನ ಲೋಟ ತುಂಬುವ ಆ ಖರೀದಿ ಕರೆಯುವವನ ಕೊಟ್ಟಿಗೆಯನ್ನೂ ನೋಡಿಕೊಳ್ಳುತ್ತದೆ.

ಇದೇ ಲೆಕ್ಕವನ್ನು ನಮ್ಮ ಕಾಡಿಗೆ ಹಾಕಿ ನೋಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಂದ ನೆಲ್ಲಿ, ಜೇನು, ಪಾಚಿಗಳನ್ನು ಲ್ಯಾಂಪ್ಸ್ ಸಹಕಾರ ಸಂಘಗಳು ಕೊಳ್ಳುತ್ತಿದ್ದವು. ವನ್ಯಜೀವಿ ಕಾಯ್ದೆಯ ತಿದ್ದುಪಡಿಯಿಂದ 2006ರಲ್ಲಿ ಅಭಯಾರಣ್ಯದೊಳಗಿನ ಈ ಸಂಗ್ರಹ ನಿಂತಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿರಕ್ಷಿತಾರಣ್ಯವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯಹಕ್ಕು ಕಾಯ್ದೆಯಂತೆ ಸೋಲಿಗರ ಹಾಡಿಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿಯ ಕಾಡಿನಲ್ಲಿ ಇಂಥ ಹಕ್ಕು ದೇಶದಲ್ಲಿಯೇ ಮೊದಲು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಇನ್ನೊಂದು ಕಸುಬು ಬೆಳೆದಿದೆ. ಇನ್ನೂರು ವರ್ಷಗಳ ಹಿಂದೆ ತೋಟದ ಅಲಂಕಾರಕ್ಕೆಂದು ದೇಶಕ್ಕೆ ತಂದ ಲಂಟಾನ ಈಗ ಕಾಡನ್ನೆಲ್ಲ ಮುಚ್ಚಿ, ಹುಲ್ಲನ್ನೂ ಬಿದಿರನ್ನೂ ಅಡಗಿಸುತ್ತಿದೆಯಷ್ಟೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ ಬೆಟ್ಟದ ಜನ ಆ ಕಳೆಯನ್ನು ಕಡಿದು, ಬೇಯಿಸಿ ಸಿಪ್ಪೆ ತೆಗೆದು, ಬೆತ್ತದಂತೆ ಬಾಗಿಸಿ ಕುರ್ಚಿ, ಬುಟ್ಟಿಗಳನ್ನು ಮಾಡುವುದನ್ನು ಕಲಿತರು. ಅದೇ ಕಾಡುಗಳ ಕುಳ್ಳು ಈಚಲಿನ ಗರಿಯಿಂದ ಪೊರಕೆ ಕಟ್ಟುವುದಂತೂ ಅವರಿಗೆ ಹಳೆಯ ಕಸುಬು. ಗರಿಯನ್ನು ಬುಡ ಕೆಡದಂತೆ, ಕಾಲವರಿತು ಕೊಯ್ಯುವ ಕ್ರಮವೂ ಅವರಿಗೆ ಗೊತ್ತು.

ಲಂಟಾನದ ಕುರ್ಚಿಗೆ ಬಿಡಿ ಗಿರಾಕಿ ವರ್ಷಕ್ಕೊಬ್ಬ ಇಬ್ಬರು. ಒಂದು ಪಟ್ಟಣ ಪಂಚಾಯಿತಿಗೆ ಬೇಕಾಗುವುದೂ ಬೆರಳೆಣಿಕೆಯಷ್ಟೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಸೇರಿ, ಜೊತೆಗೆ ತಾಲ್ಲೂಕು ಕಚೇರಿ, ಶಾಲೆ, ವಿದ್ಯಾರ್ಥಿನಿಲಯಗಳನ್ನೂ ಕೂಡಿಸಿಕೊಂಡು ಮುಂದಿನ ವರ್ಷಕ್ಕೆ ಇಷ್ಟು ಕುರ್ಚಿ, ಇಷ್ಟು ಸಾವಿರ ಪೊರಕೆ ಬೇಕೆಂದು ಮೊದಲೇ ಹೇಳಿದರೆ ಬೆಟ್ಟದ ಮನೆಗಳಿಗೆ ಮಳೆಗಾಲದಲ್ಲಿಯೂ ಕೆಲಸ. ಚಪ್ಪಡಿಗೂ ಹಾಗೆಯೇ: ಪರವಾನಿಗೆಯುಳ್ಳ ಗಣಿಯದು, ಕೂಲಿಯ ಪುಸ್ತಕವನ್ನು ತೋರಿಸುವವರದು ಎಂಬ ಒಂದೇ ಕರಾರನ್ನು ಮೂರು ಊರೂ ಬರೆದರೆ ಗುತ್ತಿಗೆದಾರ ಒಂದು ಊರನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ತಪ್ಪಿಸಿಕೊಳ್ಳುವಂತಿಲ್ಲ. ಗಣಿಯನ್ನು ನೋಡಿಬರಲು ಮೂರು ಸಂಸ್ಥೆಗಳಿಗೆ ಒಬ್ಬ ಎಂಜಿನಿಯರು ಸಾಕು. ದಾರಿಯೇನು ಮ್ಯೂನಿಕ್ಕಿನಷ್ಟು ದೂರವಿಲ್ಲ.

ಟೆಂಡರಿನ ಪ್ರಕಟಣೆಗಳು ಈಗ ಗುಟ್ಟಿನ ಕಾಗದಗಳಲ್ಲ. ಸರ್ಕಾರದ ಇ-ಖರೀದಿ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ಮನೆಯ ಹುಡುಗರಲ್ಲಿ ಒಬ್ಬನನ್ನು ಕೂರಿಸಿಕೊಂಡು ನಿಮ್ಮ ಊರಿನ ಒಂದು ಟೆಂಡರನ್ನು ತೆಗೆಸಿ ನೋಡಿ. ಠೇವಣಿ, ದಿನಾಂಕ, ಷರತ್ತುಗಳ ತರುವಾಯ ಸರಕಿನ ವಿವರವೆಂಬ ಭಾಗ ಬರುತ್ತದೆ. ಉದ್ದ ಎಷ್ಟು, ಅಗಲ ಎಷ್ಟು, ತೂಕ ಎಷ್ಟು ಎಂದು ಅಲ್ಲಿ ಬರೆದಿರುತ್ತದೆ. ಆ ವಿವರವನ್ನು ಬರೆಯುವವರು ದೆಹಲಿಯವರಲ್ಲ, ಬೆಂಗಳೂರಿನವರೂ ಅಲ್ಲ. ನಿಮ್ಮ ವಾರ್ಡಿನ ಸದಸ್ಯರು ವಾರಕ್ಕೆರಡು ಸಲ ಹೋಗಿಬರುವ ಅದೇ ಕಚೇರಿಯವರು.